ಸುಡದ ವೈರಿನ ವಾಸನೆ

ಅಣ್ಣು ಭಟ್ಟರು ಅಡುಗೆಮನೆಯ ಗೋಡೆಗೆ ಹೊಡೆದಿದ್ದ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಗೈ ಒತ್ತಿ ಹಿಡಿದರು. ಬೆಚ್ಚಗಿತ್ತು. ಬೆಚ್ಚಗಿರುವುದು ಪಟ್ಟಿಯೊಳಗಿನ ವೈರೋ, ಪಡುವಣ ಕಿಟಕಿಯ ಬಿಸಿಲಿಗೆ ಕಾದ ಗೋಡೆಯೋ, ಅಥವಾ ತಮ್ಮ ಕೈಯೋ ಎಂದು ತಿಳಿಯದೆ ಅದೇ ಕೈಯನ್ನು ಕೆನ್ನೆಗೆ ಇಟ್ಟು ನೋಡಿದರು. ಕೆನ್ನೆಯೂ ಬೆಚ್ಚಗಿತ್ತು. ಮಗ ಸೃಜನ್, ಸೊಸೆ ಧಾತ್ರಿ ಇಬ್ಬರೂ ಬೆಳಿಗ್ಗೆಯೇ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋಗಿಯಾಗಿತ್ತು. ಮನೆಯಲ್ಲಿ ತಮ್ಮನ್ನು ಬಿಟ್ಟರೆ, ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತ ಹೆಂಡತಿ ನೀಲಾವತಿಯ ಫೋಟೋ ಮಾತ್ರ. ಆದರೂ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದರು. ತಾವಿರುವ ಮನೆಯ ಗೋಡೆ ಮುಟ್ಟುವುದಕ್ಕೂ ಕಳ್ಳನ ಹಾಗೆ ಹಿಂದೆ ಮುಂದೆ ನೋಡುವ ಕಾಲ ಬಂತಲ್ಲ ಎಂದು ಸಿಟ್ಟು ಬಂತು. ಆ ಪಟ್ಟಿ ಹೊರಬಾಗಿಲ ಮೇಲಿನ ಮೈನ್ ಬೋರ್ಡಿನಿಂದ ಹೊರಟು, ನೀಲಾವತಿಯ ತಲೆಯ ಮೇಲೆಯೇ ಹಾದು, ಅಡುಗೆಮನೆಯೊಳಗೆ ಇಳಿದು, ಕಟ್ಟೆಯ ಮೇಲಿನ ದಪ್ಪ ಪ್ಲಗ್ಗಿನಲ್ಲಿ ಮುಗಿಯುತ್ತಿತ್ತು. ಆ ಪ್ಲಗ್ಗಿನ ಕೆಳಗೆ ಗ್ಯಾಸ್ ಒಲೆ ಇದ್ದ ಜಾಗದಲ್ಲಿ ಈಗ ಕರಿ ಗಾಜಿನ ಹಲಗೆಯೊಂದು ಮಲಗಿತ್ತು. ಇಂಡಕ್ಷನ್. ಅದರ ಪಕ್ಕದಲ್ಲಿ ಒಂದು ಓವನ್. ಬೆಂಕಿಯೇ ಕಾಣದ ಒಲೆ ಎಂಥ ಒಲೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ.

ಉತ್ತರ ಕೊಡದಿದ್ದರೆ ಪರವಾಗಿಲ್ಲ, ಎರಡೆರಡು ಉತ್ತರ ಕೊಟ್ಟದ್ದೇ ಅವರ ಅನುಮಾನಕ್ಕೆ ಬೀಜವಾಯಿತು. ಗ್ಯಾಸ್ ಸಿಲಿಂಡರ್ ಯಾಕೆ ವಾಪಸು ಕೊಟ್ಟದ್ದು ಎಂದು ಕೇಳಿದಾಗ ಸೃಜನ್ ಕರೆಂಟೇ ಅಗ್ಗ ಎಂದ. ಅದನ್ನೇ ಬೇರೆ ಹೊತ್ತಿನಲ್ಲಿ ಕೇಳಿದಾಗ ಧಾತ್ರಿ ಅಡುಗೆಮನೆಯಲ್ಲಿ ಸೆಕೆ ಕಡಿಮೆಯಾಗುತ್ತದೆ ಎಂದಳು. ನಿಜ ಹೇಳುವವರಿಗೆ ಒಂದೇ ಕಾರಣ ಸಾಕು. ಇದರ ಹಿಂದೆ ಏನೋ ಉಂಟು ಎಂದು ಅವರು ಅಂದೇ ತೀರ್ಮಾನಿಸಿದ್ದರು. ವೈರ್ ಎಳೆಯಲು ಬಂದವನು ಧಾರಾವಿಯ ಶೆಟ್ಟೆಪ್ಪ, ವಿಜಾಪುರದ ಕಡೆಯ ಎಲೆಕ್ಟ್ರಿಷಿಯನ್. ಹಳೆಯ ಲೈನಿನಲ್ಲಿ ಇದು ನಡೆಯುವುದಿಲ್ಲ, ಇದಕ್ಕೆ ಬೇರೆಯೇ ವೈರ್ ಬೇಕು ಎಂದು ಅವನು ಜೋರಾಗಿ ಹೇಳುತ್ತಿದ್ದದ್ದು ಒಳಗೆ ಕೂತ ಭಟ್ಟರಿಗೂ ಕೇಳಿಸಿತ್ತು. ಆಮೇಲೆ ಧಾತ್ರಿ ಮೆಲ್ಲಗೆ ಏನೋ ಹೇಳಿದಳು. ಭಟ್ಟರು ಎದ್ದು ಬಂದದ್ದೇ ಅವಳು, ಸೃಜನ್, ಶೆಟ್ಟೆಪ್ಪ ಮೂವರೂ ಬಾಯಿ ಮುಚ್ಚಿ ಗೋಡೆ ನೋಡತೊಡಗಿದರು. ಗೋಡೆಯಲ್ಲಿ ನೋಡುವಂಥದ್ದು ಏನಿತ್ತು? ಖರ್ಚು ಉಳಿಸಲು ಸಪೂರ ವೈರ್ ಹಾಕಿ ಕೈ ತೊಳೆದುಕೊಳ್ಳುವ ಮಾತಲ್ಲದೆ ಇನ್ನೇನು ಇರಬಹುದು? ಒಟ್ಟಿನಲ್ಲಿ ತಮ್ಮನ್ನು ಅಡುಗೆಮನೆಯಿಂದ ಹೊರಗೆ ಹಾಕಬೇಕು, ಅಷ್ಟೆ. ಇಂಡಕ್ಷನ್ನಿನ ಬಟನ್ನು ಅವರ ಒಣ ಬೆರಳಿಗೆ ಒಗ್ಗುತ್ತಿರಲಿಲ್ಲ, ಎಷ್ಟು ಒತ್ತಿದರೂ ಟೀಂ ಎಂದು ಕೂಗಿ ಆರಿಹೋಗುತ್ತಿತ್ತು. ಊರಿನಿಂದ ಹೊತ್ತು ತಂದ ಕಂಚಿನ ಪಾತ್ರೆಗಳನ್ನಂತೂ ಅದು ಪಾತ್ರೆಯೆಂದೇ ಒಪ್ಪುತ್ತಿರಲಿಲ್ಲ. ಎಲ್ಲವೂ ಅಟ್ಟ ಸೇರಿದ್ದವು. ಅವುಗಳ ಹಿಂದೆ ತಾವೂ ಏರಿ ಕೂತರೆ ಆಯಿತು ಎಂದು ಅವರಿಗೆ ಒಂದೊಂದು ಸಲ ಅನ್ನಿಸುವುದು.

ಅಟ್ಟಕ್ಕೆ ಏರುವಂಥವರೇ ಅಲ್ಲ ಅವರು. ಮಾಟುಂಗದ ಹೋಟೆಲಿನಲ್ಲಿ ಅಷ್ಟು ವರ್ಷ ಸಾಂಬಾರಿನ ಹಂಡೆಯಂಥ ಕೊಳದಪ್ಪಲೆಯ ಮುಂದೆ ನಿಂತವರು. ಒಂದು ದಿನವಾದರೂ ಸೌಟಿನಿಂದ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡವರಲ್ಲ. ಅಡುಗೆ ಕಲಿತದ್ದು ಊರಿನ ದೇವಸ್ಥಾನದಲ್ಲಿ. ದೇವರಿಗಿಂತ ಮೊದಲು ಅಡುಗೆಯವನು ರುಚಿ ನೋಡಿದರೆ ಅದು ಎಂಜಲು. ಹಾಗಾಗಿ ಅಲ್ಲಿ ಎಲ್ಲವೂ ಮೂಗಿನಲ್ಲೇ ನಡೆಯಬೇಕು. ಮುಂಬಯಿಗೆ ಬಂದ ಮೇಲೆ ದೇವರ ಜಾಗದಲ್ಲಿ ಗಿರಾಕಿ ಬಂದು ಕೂತ, ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು. ಉಪ್ಪಿಗೆ ವಾಸನೆ ಇಲ್ಲ ಎನ್ನುವವರು ಅಡುಗೆ ಮಾಡಿದವರಲ್ಲ. ಉಪ್ಪು ಬಿದ್ದ ಮೇಲೆ ಕುದಿಯ ವಾಸನೆಯೇ ಬೇರೆ. ಬೇಳೆಯ ಹಸಿ ತಗ್ಗುತ್ತದೆ, ಹುಣಿಸೆಯ ಮೊನೆ ಮಡಚಿಕೊಳ್ಳುತ್ತದೆ, ಇಂಗು ಒಂದು ಹೆಜ್ಜೆ ಮುಂದೆ ಬರುತ್ತದೆ. ಹೊಸ ಗಿರಾಕಿಗಳು ಬಂದರೆ ಹೋಟೆಲಿನ ಧಣಿ ಅವರನ್ನು ಒಳಗೆ ಕರೆದು, ನೋಡಿ ನಮ್ಮ ಭಟ್ಟರ ಮೂಗು ಎಂದು ತೋರಿಸುತ್ತಿದ್ದ. ಆ ಮೂಗು ಹೋಗಿತ್ತು. ಊರಿಗೆಲ್ಲ ಜ್ವರ ಬಂದ ವರ್ಷ ಅವರಿಗೂ ಬಂದು ಇಳಿದಾಗ, ಒಂದು ಬೆಳಿಗ್ಗೆ ಕಾಫಿಯ ಲೋಟ ಮುಖದ ಹತ್ತಿರ ಹಿಡಿದರೆ ಬಿಸಿ ಮಾತ್ರ ತಾಗಿತು, ಕಾಫಿ ಬರಲಿಲ್ಲ. ಇವತ್ತು ಬಂದೀತು ನಾಳೆ ಬಂದೀತು ಎಂದು ಕಾದರು. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ತಮ್ಮಲ್ಲಿ ಇನ್ನೇನು ಉಳಿಯುತ್ತದೆ? ಮೂಗಿಲ್ಲದ ಅಣ್ಣು ಭಟ್ಟ ಎಂದರೆ ಪೆನ್ಶನ್ ಇಲ್ಲದ, ಇಂಗ್ಲಿಷ್ ಬಾರದ, ಬಾಲ್ಕನಿಯಲ್ಲಿ ಒಣಗಲು ಹಾಕಿದ ಪಂಚೆ.

ಹೇಳದಿದ್ದದ್ದನ್ನು ಕಾಪಾಡಿಕೊಳ್ಳುವುದೇ ಆಮೇಲೆ ಒಂದು ಉದ್ಯೋಗವಾಯಿತು. ಬೇರೆಯವರ ಮುಖ ನೋಡಿ ವಾಸನೆ ಕಲಿಯಬೇಕು. ಗಾಳಿ ಬದಲಾಗಿ ಕಾರ್ಖಾನೆಗಳ ಕಡೆಯಿಂದ ಕೆಟ್ಟ ನಾತ ಬಂದ ದಿನ ಬಿಲ್ಡಿಂಗಿನವರು ಮುಖ ಕಿವುಚಿದರೆ, ಅರೆ ಕ್ಷಣ ಬಿಟ್ಟು ತಾವೂ ಕಿವುಚಬೇಕು. ಸಾಯಂಕಾಲ ಅಡುಗೆ ಮಾಡುವಾಗ ಧಾತ್ರಿ, "ಮಾವ, ಉಪ್ಪು ನೋಡ್ತೀರಾ?" ಎಂದು ಕರೆಯುತ್ತಾಳೆ. ಮದುವೆಯಾಗಿ ಬಂದಂದಿನಿಂದ ಕರೆಯುವವಳು. ಮೈಸೂರು ಕಡೆಯ ಹುಡುಗಿ, ಮಾವನ ಮೂಗಿನ ಕತೆ ಕೇಳಿ ಮೊದಲು ನಕ್ಕವಳು, ಆಮೇಲೆ ನಂಬಿದವಳು. ಭಟ್ಟರು ಬಗ್ಗಿ ಆವಿಯ ಮೇಲೆ ಮುಖ ಹಿಡಿದು, ಕಣ್ಣು ಮುಚ್ಚಿ, "ಸರಿ ಉಂಟು" ಎನ್ನುತ್ತಾರೆ. ದಿನವೂ ಸರಿ ಉಂಟು ಎಂದರೆ ಅನುಮಾನ ಬಂದೀತು ಎಂದು ನಡುನಡುವೆ ಒಂದು ಚಿಟಿಕೆ ಬೇಕು ಎನ್ನುವುದೂ ಉಂಟು. ಆಶ್ಚರ್ಯವೆಂದರೆ, ಊಟಕ್ಕೆ ಕೂತಾಗ ಉಪ್ಪು ಯಾವತ್ತೂ ಸರಿಯಾಗಿಯೇ ಇರುತ್ತಿತ್ತು. ಮೂಗು ಹೋದರೂ ಒಳಗೆ ಎಲ್ಲೋ ಅದರ ಬೇರು ಉಳಿದಿದೆ, ತಾವು ಅಂದಾಜಿನಲ್ಲಿ ಹೇಳಿದ್ದೂ ನಿಜವಾಗುತ್ತಿದೆ ಎಂದು ಅವರು ಗುಟ್ಟಾಗಿ ಉಬ್ಬುತ್ತಿದ್ದರು. ಆದರೆ ಒಂದು ಮಧ್ಯಾಹ್ನದ ಬಳಿಕ ಧಾತ್ರಿಯ ಬಗ್ಗೆ ಅವರ ಮನಸ್ಸು ಸರಿಯಿರಲಿಲ್ಲ. ಗ್ಯಾಸ್ ಇನ್ನೂ ಮನೆಯಲ್ಲಿದ್ದಾಗಿನ ಮಾತು. ಅವರು ಹಾಲು ಕಾಯಿಸಿ ಇಳಿಸಿ, ಅಡುಗೆಮನೆಯ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಹೊತ್ತಿಗೆ ಮುಂಚೆಯೇ ಮನೆಗೆ ಬಂದ ಧಾತ್ರಿ ಚಪ್ಪಲಿಯನ್ನೂ ಕಳಚದೆ ಒಳಗೆ ನುಗ್ಗಿ, ಒಲೆಯ ಹತ್ತಿರ ಏನೋ ಮಾಡಿ, ಎಲ್ಲ ಕಿಟಕಿಗಳನ್ನೂ ದಡಬಡ ತೆರೆದಳು. ಸೆಕೆಯಾಯಿತೇನೋ ಎಂದು ಭಟ್ಟರು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದರೆ ಅವಳು ಅವರ ಕೈಯನ್ನು ಹೊಡೆದು ಕೆಳಗಿಳಿಸಿದಳು. ಹೊಡೆದಳು ಎಂದರೆ ಹೊಡೆದೇ ಬಿಟ್ಟಳು. ನೀಲಾವತಿ ಕೂಡ ಎಂದೂ ಕೈ ಎತ್ತಿದವಳಲ್ಲ. ಆಮೇಲೆ ಅವಳೇ ಅವರನ್ನು ರಟ್ಟೆ ಹಿಡಿದು ಬಾಲ್ಕನಿಗೆ ಕರೆದೊಯ್ದು ಕೂರಿಸಿ, "ಸಾರಿ ಮಾವ, ಸುಮ್ನೆ ಇಲ್ಲೇ ಗಾಳಿಗೆ ಕೂತ್ಕೊಳ್ಳಿ" ಎಂದಳು. ಹೇಳಿದವಳೇ ಒಳಗೆ ಹೋಗಿ ಉಳಿದ ಬಾಗಿಲುಗಳನ್ನೂ ತೆರೆದಳು. ಸಿಟ್ಟಿಗೆ ಹಾಗೆ ಮಾಡುತ್ತಿದ್ದಾಳೆ ಎಂದುಕೊಂಡರು. ಸ್ವಲ್ಪ ದಿನದಲ್ಲೇ ಸಿಲಿಂಡರ್ ಮೆಟ್ಟಿಲಿಳಿಯಿತು. ಆ ಏಟನ್ನು ಅವರು ಮಗನಿಗೂ ಹೇಳಲಿಲ್ಲ. ಈಗಲೂ ಬಲಗೈಯನ್ನು ನೋಡಿಕೊಂಡಾಗಲೆಲ್ಲ ಅದು ಅಲ್ಲಿಯೇ ಇದ್ದಂತೆ ಅನ್ನಿಸುವುದು.

ಸಿಂಕಿನ ಕೆಳಗೆ ಶೆಟ್ಟೆಪ್ಪ ಬಿಟ್ಟುಹೋದ ಕೆಂಪು ವೈರಿನ ತುಂಡೊಂದು ಬಿದ್ದಿತ್ತು. ಗೋಡೆಯೊಳಗಿರುವುದೂ ಇದೇ. ಭಟ್ಟರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮನೆಗೆ ಬೀಗ ಹಾಕಿ, ಸ್ಟೇಷನ್ ರಸ್ತೆಯ ಎಲೆಕ್ಟ್ರಿಕ್ ಅಂಗಡಿಗೆ ಹೊರಟರು. ದಾರಿಯಲ್ಲಿ ಮೀನು ಮಾರುವ ಹೆಂಗಸರು ಕೂತಿರುವಲ್ಲಿ ಹಳೆಯ ರೂಢಿಯಂತೆ ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡರು. ಮುಚ್ಚಿಕೊಂಡ ಮೇಲೆ, ಏನನ್ನು ಮುಚ್ಚಿದ್ದೇನೆ ಎಂದು ನಗು ಬಂತು, ನಗುವಿನ ಹಿಂದೆಯೇ ಅಳು ಬಂದ ಹಾಗಾಯಿತು. ವೈರ್ ಸಪೂರದ್ದಾಗಿರಲಿ ದೇವರೇ ಎಂದು ಬೇಡಿಕೊಂಡರು. ಮೋಸ ಸಿಕ್ಕಿಬೀಳಲಿ. ಕಾದು, ಒಂದಿಷ್ಟು ಕರಗಿ, ಗೋಡೆಯ ಬಣ್ಣ ಒಂದಿಷ್ಟು ಕಪ್ಪಾಗಲಿ, ಜೀವಕ್ಕೇನೂ ಆಗುವುದು ಬೇಡ, ಆದರೆ ಅಪ್ಪ ಹೇಳಿದ್ದೇ ಸರಿ ಎಂದಾಗಲಿ. ತಾವು ಬೇಡಿಕೊಳ್ಳುತ್ತಿರುವುದು ತಮ್ಮ ಮಗನ ಮನೆಗೆ ಬೆಂಕಿ ಎಂದು ಸಿಗ್ನಲ್ಲಿನಲ್ಲಿ ನಿಂತಾಗ ಅರಿವಾಗಿ ಮೈ ಜುಮ್ಮೆಂದಿತು. ಆದರೂ ಪ್ರಾರ್ಥನೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಅಂಗಡಿಯ ಸೇಠ್ ತುಂಡನ್ನು ಹೆಬ್ಬೆರಳಿನಿಂದ ತಿಕ್ಕಿ, ಕನ್ನಡಕ ಏರಿಸಿ ಅದರ ಮೈಮೇಲಿನ ಅಕ್ಷರ ಓದಿದ. ಹಿಂದಿಯಲ್ಲಿ ಅವನು ಹೇಳಿದ್ದು ಇಷ್ಟು. ದೀಪಕ್ಕೆ, ಫ್ಯಾನಿಗೆ ಒಂದೂವರೆ ಅಳತೆಯ ವೈರ್ ಸಾಕು. ಮಾಮೂಲು ಪ್ಲಗ್ಗಿಗೆ ಎರಡೂವರೆ. ಇಂಡಕ್ಷನ್, ಓವನ್ ಎರಡನ್ನೂ ಒಟ್ಟಿಗೆ ಎಳೆಯಬೇಕಾದರೆ ನಾಲ್ಕರ ತಾಮ್ರದ್ದೇ ಬೇಕು, ಮತ್ತು ಇದು ನಾಲ್ಕರದ್ದು, ಅಂಗಡಿಯಲ್ಲೇ ಇದಕ್ಕಿಂತ ಒಳ್ಳೆಯದಿಲ್ಲ. ಅವನಿಗೆ ನೆನಪೂ ಇತ್ತು. ಮಗ ಎರಡೂವರೆ ಸಾಕು ಅಂದಿದ್ದನಂತೆ. ಸೊಸೆಯೇ ಒಪ್ಪಲಿಲ್ಲವಂತೆ. ಬೆಂಕಿ ಹತ್ತದ ವೈರ್ ಯಾವುದು, ಹೊಗೆ ಏಳದ ವೈರ್ ಯಾವುದು ಎಂದು ಕೇಳಿ ಕೇಳಿ ಅವನ ತಲೆ ತಿಂದಳಂತೆ. ಹೆಚ್ಚು ಕರೆಂಟ್ ಎಳೆದರೆ ತಾನಾಗಿಯೇ ಬೀಳುವ ಸ್ವಿಚ್ಚನ್ನೂ ಕೊಂಡುಹೋದಳಂತೆ, ಮನೆಯಲ್ಲಿ ಯಾರಿಗೂ ಗೊತ್ತಾಗದಿದ್ದರೂ ಅದು ಬೀಳಬೇಕು ಎಂದು ಹೇಳಿ. "ಆಪ್ ಕೀ ಬಹೂ ಬಹುತ್ ಹೋಶಿಯಾರ್ ಹೈ" ಎಂದು ಸೊಸೆಯ ಜಾಣತನವನ್ನು ಹೊಗಳುತ್ತ ಸೇಠ್ ತುಂಡನ್ನು ಹಿಂದಕ್ಕೆ ಕೊಟ್ಟ. ಭಟ್ಟರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಯಾರಿಗೂ ಗೊತ್ತಾಗದಿದ್ದರೂ ಎಂದರೇನು? ಬೆಳಗಿನಿಂದ ಸಾಯಂಕಾಲದವರೆಗೆ ಮನೆಯಲ್ಲಿರುವವನು ತಾನು. ತಾನು ಯಾರೂ ಅಲ್ಲವೆ? ವೈರಿನಲ್ಲಿ ಮೋಸ ಸಿಗದೆ ಹೋದದ್ದಕ್ಕೆ ಸಮಾಧಾನವಾಗಬೇಕಿತ್ತು. ಬದಲಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು.

ಮನೆಗೆ ಬಂದು ಸ್ಟೂಲಿನ ಮೇಲೆ ಕೂತು ಆ ತುಂಡನ್ನು ಬೆರಳಲ್ಲಿ ಬಾಗಿಸುತ್ತ, ಚಾಚುತ್ತ ಕೂತರು. ಆಗ ಆ ಯೋಚನೆ ಬಂತು. ಬಂತು ಎನ್ನುವುದಕ್ಕಿಂತ ಮೊದಲಿನಿಂದ ಅಲ್ಲಿಯೇ ಕೂತಿದ್ದು ಈಗ ಎದ್ದು ನಿಂತಿತು. ವೈರ್ ಸುಡಬೇಕಾದ್ದಿಲ್ಲ. ಸುಟ್ಟ ವಾಸನೆ ಬರುತ್ತಿದೆ ಎಂದರೆ ಸಾಕು. ಅವರಿಗೆ ಬಾರದ ವಾಸನೆ ತನಗೆ ಬಂದರೆ ಅದರಲ್ಲಿ ವಿಶೇಷವೇನು, ಮಾಟುಂಗದ ಮೂಗಲ್ಲವೆ ಇದು. ಇಂಡಕ್ಷನ್ನೂ ಹೋದೀತು, ಗ್ಯಾಸೂ ಬಂದೀತು, ಮೂಗೂ ಬದುಕಿದೆ ಎಂದಾದೀತು. ಬೇಕಾದರೆ ಈ ತುಂಡನ್ನೇ ದೇವರ ದೀಪಕ್ಕೆ ಹಿಡಿದು ಸಾಕ್ಷಿ ಮಾಡಬಹುದಿತ್ತು. ಆದರೆ ಸುಟ್ಟರೂ ಅದಕ್ಕೆ ವಾಸನೆ ಬಂತೋ ಇಲ್ಲವೋ ಎಂದು ತನಗೆ ಹೇಳುವವರು ಯಾರು? ತುಂಡನ್ನು ಮತ್ತೆ ಸಿಂಕಿನ ಕೆಳಗೆ ಹಾಕಿದರು. ತಾನು ಕಳ್ಳ ಪರರ ನಂಬ ಎಂಬ ಗಾದೆಯನ್ನು ನೀಲಾವತಿ ಜಗಳದಲ್ಲಿ ಬಳಸುತ್ತಿದ್ದದ್ದು ನೆನಪಾಗಿ, ಫೋಟೋದ ಕಡೆ ನೋಡದೆ ಹೋಗಿ ಕೈಕಾಲು ತೊಳೆದುಕೊಂಡರು.

ಸಾಯಂಕಾಲ ಇಬ್ಬರೂ ಒಟ್ಟಿಗೆ ಬಂದರು. ಸೃಜನ್ ಫೋನ್ ಹಿಡಿದು ಸೋಫಾಕ್ಕೆ ಬಿದ್ದ. ಧಾತ್ರಿ ಬಟ್ಟೆ ಬದಲಾಯಿಸಿ, ಬೇಳೆ ಬೇಯಿಸಿ, ನುಗ್ಗೆಕಾಯಿ ಹಾಕಿ, ಸಾಂಬಾರಿಗೆ ಕುದಿ ಬರಿಸಿದಳು. ಭಟ್ಟರು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದರು. ಆಕೆ ನಕ್ಕರೆ ಏನು ಹೇಳುವುದು, ವೈರ್ ಒಳ್ಳೆಯದು ಎಂದು ವಾದಿಸಿದರೆ ಏನು ಹೇಳುವುದು, ನಿಮ್ಮ ಭ್ರಮೆ ಎಂದರೆ ಏನು ಹೇಳುವುದು, ಎಲ್ಲಕ್ಕೂ ಉತ್ತರ ಸಿದ್ಧವಿತ್ತು.

"ಧಾತ್ರಿ, ಎಂತದೋ ವಾಸ್ನೆ ಬರ್ತಾ ಉಂಟು. ವೈರು ಸುಟ್ಟ ವಾಸ್ನೆ."

ಅವಳ ಸೌಟು ನಿಂತಿತು. ಸೃಜನ್ ಹೊರಗಿನಿಂದಲೇ, "ಇಲ್ಲ ಅಪ್ಪ, ಎಂತ ಸಾ ಇಲ್ಲ. ಬಿಲ್ಕುಲ್ ಇಲ್ಲ. ಆ ವೈರ್ ಸುಡೋದೇ ಇಲ್ಲ, ಅದು..." ಎಂದು ಎದ್ದು ಬಂದ. ಧಾತ್ರಿ ತಿರುಗಿ ಅವನನ್ನು ನೋಡಿದಳು. ಅಷ್ಟೇ ಮಾಡಿದ್ದು. ಸೃಜನ್ ಮಾತು ಅಲ್ಲೇ ಬಿಟ್ಟು ಫೋನ್ ಕಡೆ ತಲೆ ಬಗ್ಗಿಸಿದ. ಆ ನೋಟವನ್ನು ಭಟ್ಟರು ಕಂಡರು. ಆಮೇಲೆ ಅವಳು ಮುಖ ಎತ್ತಿ, ಮೂಗು ಅರಳಿಸಿ, ದೀರ್ಘವಾಗಿ ಉಸಿರು ಎಳೆದಳು.

"ಹೌದು ಮಾವ. ನಂಗೂ ಬಂತು" ಎಂದಳು.

ಹೀಗೆ ಹೇಳಿಯಾಳು ಎಂದು ಮಾತ್ರ ಅವರು ಎಣಿಸಿರಲಿಲ್ಲ. ಗೆದ್ದೆ ಎಂದುಕೊಳ್ಳುವ ಮೊದಲೇ ನೆಲ ಜಾರಿತು. ವಾಸನೆಯೇ ಇರಲಿಲ್ಲ. ಅದನ್ನು ಹುಟ್ಟಿಸಿದವರು ತಾವು, ಈ ಸ್ಟೂಲಿನ ಮೇಲೆ ಕೂತು, ಮಧ್ಯಾಹ್ನದ ಹೊತ್ತಿನಲ್ಲಿ. ಇಲ್ಲದ ವಾಸನೆ ಇವಳಿಗೆ ಯಾವ ಮೂಗಿನಿಂದ ಬಂತು? ವೈರ್ ಆರಿಸಿದವಳೇ ಇವಳು. ಬೆಂಕಿ ಹತ್ತದ್ದು, ಹೊಗೆ ಏಳದ್ದು, ಯಾರಿಗೂ ಗೊತ್ತಾಗದಿದ್ದರೂ ತಾನೇ ಬೀಳುವಂಥದ್ದು ಬೇಕು ಎಂದು ಅಂಗಡಿಯವನ ತಲೆ ತಿಂದವಳು. ಅದು ಸುಡುವುದಿಲ್ಲ ಎಂದು ಈ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವಳಿಗೆ. ಗೊತ್ತಿದ್ದೂ ಬಂತು ಎಂದಳು. ಹಟ ಮಾಡುವ ಮಕ್ಕಳಿಗೆ ಹೌದಪ್ಪಾ ಹೌದು, ಗುಮ್ಮನನ್ನು ನಾನೂ ನೋಡಿದೆ ಎನ್ನುವಂತೆ ಹೇಳಿದಳು. ಹಾಗಾದರೆ ಇವಳಿಗೆ ಗೊತ್ತು. ಇವತ್ತಲ್ಲ, ಎಂದಿನಿಂದಲೋ ಗೊತ್ತು. ಎಂದಿನಿಂದ ಎಂದು ಕೇಳಿಕೊಂಡದ್ದೇ ತಡ, ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ದಡಬಡ ತೆರೆದ ಕಿಟಕಿಗಳು. ಅವಳು ಒಲೆಯ ಹತ್ತಿರ ಮಾಡಿದ್ದು ಗ್ಯಾಸಿನ ನಾಬ್ ತಿರುಗಿಸಿ ಮುಚ್ಚುವುದನ್ನಲ್ಲವೆ? ಹಾಲು ಇಳಿಸಿದ ಮೇಲೆ ತಾವು ಅದನ್ನು ಪೂರಾ ಮುಚ್ಚಿರಲಿಲ್ಲ. ಅಡುಗೆಮನೆಯ ತುಂಬ ಗ್ಯಾಸ್ ತುಂಬಿತ್ತು, ಮಾಟುಂಗದ ಮೂಗು ಅದರ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿತ್ತು. ಸ್ವಿಚ್ಚಿನ ಒಂದು ಕಿಡಿ ಸಾಕಿತ್ತು. ಆ ಕೈಗೆ ಅವಳು ಹೊಡೆದಳು. ಆಮೇಲೆ ತಾನೇ ಸಾರಿ ಎಂದಳು. ಗ್ಯಾಸ್ ತೆಗೆಸಿದಳು, ಮನೆಗೆಲ್ಲ ಎರಡೆರಡು ಸುಳ್ಳು ಕಾರಣ ಹೇಳಿಕೊಂಡು ತಿರುಗಿದಳು, ಈ ಮುದುಕನ ಮೂಗು ಹೋಗಿದೆ ಎಂಬ ನಿಜ ಮಾತು ಒಂದನ್ನು ಬಿಟ್ಟು. ನಾಚಿಕೆಯಿಂದ ಭಟ್ಟರ ಕಿವಿ ಬಿಸಿಯಾಯಿತು. ಇಷ್ಟು ದಿನ ತಾವು ಹುಡುಕಿದ ಮೋಸ ಮನೆಯಲ್ಲಿ ಇದ್ದದ್ದು ಹೌದು. ಅದನ್ನು ತಮಗಾಗಿ ಮಾಡಿದ್ದರು.

ಸೃಜನ್ ಮೈನ್ ಆಫ್ ಮಾಡಿ, ಟಾರ್ಚ್ ಹಿಡಿದು ಪ್ಲಗ್ಗಿನ ಡಬ್ಬಿಯನ್ನು ಬಿಚ್ಚಿದ. ಕೆಂಪು ವೈರ್ ಅಂಗಡಿಯಿಂದ ಈಗಷ್ಟೇ ಬಂದಂತೆ ಹೊಳೆಯುತ್ತಿತ್ತು. ಯಾವುದಕ್ಕೂ ಭಾನುವಾರ ಶೆಟ್ಟೆಪ್ಪನನ್ನು ಕರೆಸಿ ತೋರಿಸುತ್ತೇನೆ, ಮಾವ ಹೇಳಿದ್ದು ಒಳ್ಳೆಯದೇ ಆಯಿತು ಎಂದು ಧಾತ್ರಿ ಹೇಳಿದಳು. ಅವಳ ದನಿಯಲ್ಲಿ ಒಂದು ಎಳೆಯಷ್ಟೂ ಕುಹಕವಿರಲಿಲ್ಲ, ಭಟ್ಟರು ಹುಡುಕಿ ನೋಡಿದರು. ಡಬ್ಬಿ ಮುಚ್ಚಿ, ಲೈಟ್ ಬಂದು, ಇಂಡಕ್ಷನ್ ಟೀಂ ಎಂದಿತು. ಸೃಜನ್ ಹೊರಗೆ ಹೋದ. ಸಾಂಬಾರು ಮತ್ತೆ ಕುದಿಗೆ ಬಂತು. ಧಾತ್ರಿ ದಿನದಂತೆಯೇ, ಏನೂ ನಡೆದೇ ಇಲ್ಲವೆಂಬಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಮಾವ, ಉಪ್ಪು ನೋಡ್ತೀರಾ?"

ಭಟ್ಟರು ಎದ್ದು ಹೋಗಿ ಬಗ್ಗಿದರು. ಆವಿ ಮುಖಕ್ಕೆ ಬಡಿಯಿತು, ಹುಬ್ಬು ಒದ್ದೆಯಾಯಿತು. ಬಿಸಿ ಇತ್ತು, ತೇವ ಇತ್ತು, ಬೇರೆ ಏನೂ ಇರಲಿಲ್ಲ. ಸರಿ ಉಂಟು ಎಂಬ ಮಾತು ರೂಢಿಯಂತೆ ತುಟಿಯ ತನಕ ಬಂದು ನಿಂತಿತು. ಅದನ್ನು ನುಂಗಿ, ಅವಳು ಹೊಡೆದಿದ್ದ ಆ ಬಲಗೈಯನ್ನು ಚಾಚಿದರು.

"ಇದಕ್ಕೆ ಒಂದು ಹನಿ ಬಿಡು, ಮಗಾ. ಬಾಯಿಗೆ ಹಾಕಿ ನೋಡ್ತೇನೆ."

ಧಾತ್ರಿಯ ಮುಖ ಬಿಳಿಚಿತು. ಮಾವ ಎಂದೂ ಅಡುಗೆಮನೆಯಲ್ಲಿ ನಿಂತು ನಾಲಿಗೆಗೆ ಹಚ್ಚಿದವರಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬೇಡ, ಬಿಸಿ ಇದೆ, ಸ್ವಲ್ಪ ಇರಿ ಎಂದು ಅವಳು ತೊದಲಿದಳು, ಅವಳ ಎಡಗೈ ಉಪ್ಪಿನ ಜಾಡಿಯ ಕಡೆ ಹೋಗಿ ಹಿಂದೆ ಬಂತು. ಭಟ್ಟರು ಕೈಯನ್ನು ಹಾಗೆಯೇ ಹಿಡಿದಿದ್ದರು. ಕೊನೆಗೆ ಸೌಟಿನಿಂದ ಒಂದಿಷ್ಟು ಬಿಟ್ಟಳು. ಅಂಗೈ ಚುರ್ ಎಂದಿತು. ಅವರು ನೆಕ್ಕಿದರು. ಹುಳಿ ಇತ್ತು, ಖಾರ ಇತ್ತು, ಉಪ್ಪು ಇರಲಿಲ್ಲ. ಕಡಿಮೆ ಎಂದಲ್ಲ, ಒಂದು ಹರಳೂ ಬಿದ್ದಿರಲಿಲ್ಲ. ದಿನವೂ ಹೀಗೆಯೇ ಉಪ್ಪಿಲ್ಲದ ಕುದಿಯ ಮೇಲೆ ತಾವು ಕಣ್ಣು ಮುಚ್ಚಿ ನಿಂತದ್ದು, ಸರಿ ಉಂಟು ಎಂದು ತಿರುಗಿ ಹೋದ ಮೇಲೆ ಇವಳು ಜಾಡಿ ತೆರೆದದ್ದು, ಎಲೆಯ ಮುಂದೆ ಕೂತು ತಾವು ಒಳಗೊಳಗೇ ಉಬ್ಬಿದ್ದು. ಅವರು ತಲೆ ಎತ್ತಿ ಸೊಸೆಯನ್ನು ನೋಡಿದರು. ಧಾತ್ರಿ ನೆಲ ನೋಡುತ್ತಿದ್ದಳು, ಅವಳ ಕಣ್ಣಲ್ಲಿ ನೀರು ನಿಂತಿತ್ತು.

"ಉಪ್ಪು ಹಾಕ್ಲಿಲ್ಲ" ಎಂದರು.

"ಇಲ್ಲ ಮಾವ."

"ಹಾಕು."

ಅವಳು ಜಾಡಿ ತೆರೆದು, ಅವರ ಕಣ್ಣೆದುರೇ ಉಪ್ಪು ಹಾಕಿ ತಿರುವಿದಳು. ಅಣ್ಣು ಭಟ್ಟರು ಮತ್ತೆ ಅಂಗೈ ಚಾಚಿದರು.